ಕೃಪೆಯೇ ಕಲಿಸುವ ದಮೆ

ಬೈಬಲಿನ ಗಲಾತ್ಯ 5:22-23ರಲ್ಲಿ ಅಪೊಸ್ತಲನಾದ ಪೌಲನು ಪವಿತ್ರಾತ್ಮನ ಫಲವನ್ನು ವಿವರಿಸುವಾಗ ಪ್ರೀತಿಯಿಂದ ಆರಂಭಿಸಿ ಒಂಬತ್ತನೆಯದಾಗಿ ದಮೆಯನ್ನು, ಅಂದರೆ ತನ್ನನ್ನು ತಾನು ಹತೋಟಿಯಲ್ಲಿಟ್ಟುಕೊಳ್ಳುವ ಗುಣವನ್ನು, ಹೆಸರಿಸುತ್ತಾನೆ. ಕೊನೆಯಲ್ಲಿ ಬಂದಿದೆ ಎಂಬ ಕಾರಣಕ್ಕೆ ಅದನ್ನು ಉಳಿದ ಎಂಟಕ್ಕಿಂತ ಕಡಿಮೆಯದೆಂದು ಎಣಿಸಬಾರದು. ಅದಕ್ಕೆ ಸ್ವಲ್ಪ ಮುಂಚೆ, 19ರಿಂದ 21ನೆಯ ವಚನಗಳಲ್ಲಿ, ಶರೀರಭಾವದ ಕರ್ಮಗಳ ಪಟ್ಟಿ ಕುಡಿತ ಮತ್ತು ದುಂದೌತಣಗಳಲ್ಲಿ ಮುಗಿದಿರುತ್ತದೆ. ಅದಕ್ಕೆ ಎದುರಾಗಿ ನಿಂತ ಈ ಪಟ್ಟಿ ದಮೆಯಲ್ಲಿ ಮುಗಿಯುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಪೌಲನ ಉದ್ದೇಶ ಸ್ಪಷ್ಟವಾಗುತ್ತದೆ.

ದಾವಣಗೆರೆಯ ನಮ್ಮ ಅಧ್ಯಯನ ಕೂಟದಲ್ಲಿ ಈ ಭಾಗವನ್ನು ಓದಿದಾಗಲೆಲ್ಲ ಎದ್ದುಬರುವ ಪ್ರಶ್ನೆ ಒಂದೇ: ದಮೆಯು ಆತ್ಮನ ಫಲವಾದರೆ ನಾವು ಪ್ರಯಾಸಪಡುವುದು ಏಕೆ, ನಮ್ಮ ಪ್ರಯಾಸದಿಂದಲೇ ಅದು ಬರುವುದಾದರೆ ಅದನ್ನು ಆತ್ಮನ ಫಲವೆನ್ನುವುದು ಹೇಗೆ? ಈ ಪ್ರಶ್ನೆಯನ್ನು ಅವಸರದಲ್ಲಿ ದಾಟಬಾರದು, ಏಕೆಂದರೆ ಇದಕ್ಕೆ ಕೊಡುವ ಉತ್ತರದ ಮೇಲೆಯೇ ನಮ್ಮ ಅಭ್ಯಾಸವೆಲ್ಲ ನಿಂತಿದೆ.

ತೀತನಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಉತ್ತರ ದೊರೆಯುತ್ತದೆ ಎಂದು ನನ್ನ ನಂಬಿಕೆ. ಕ್ರೇತ ದ್ವೀಪದ ಸಭೆಗಳನ್ನು ಕ್ರಮಪಡಿಸಲು ಉಳಿದಿದ್ದ ತೀತನಿಗೆ ಪೌಲನು ವೃದ್ಧರೂ ಯೌವನಸ್ತ್ರೀಯರೂ ಯುವಕರೂ ಸ್ವಸ್ಥಚಿತ್ತರಾಗಿ, ತಮ್ಮನ್ನು ಹತೋಟಿಯಲ್ಲಿಟ್ಟುಕೊಂಡು ಬಾಳಬೇಕೆಂದು ಬೋಧಿಸಲು ಹೇಳುತ್ತಾನೆ. ಆಮೇಲೆ 11 ಮತ್ತು 12ನೆಯ ವಚನಗಳಲ್ಲಿ ಅದಕ್ಕೆ ಕಾರಣವನ್ನು ಕೊಡುತ್ತಾನೆ: ಎಲ್ಲ ಮನುಷ್ಯರಿಗೆ ರಕ್ಷಣೆಯನ್ನು ತರುವ ದೇವರ ಕೃಪೆಯು ಪ್ರತ್ಯಕ್ಷವಾಗಿದೆ, ಲೋಕದ ಆಶೆಗಳನ್ನು ಬಿಟ್ಟು ಬದುಕಲು ಆ ಕೃಪೆಯೇ ನಮಗೆ ಶಿಕ್ಷಣ ಕೊಡುತ್ತದೆ. ಇಲ್ಲಿ ಪಾಠ ಹೇಳುವುದು ಕೃಪೆ. ಆದರೆ ಪಾಠವನ್ನು ಅಭ್ಯಾಸಮಾಡಬೇಕಾದವರು ನಾವೇ. ಆದ್ದರಿಂದಲೇ 2 ಪೇತ್ರ 1:3ರಲ್ಲಿ ಭಕ್ತಿಯ ಜೀವಿತಕ್ಕೆ ಬೇಕಾದದ್ದೆಲ್ಲವೂ ದೇವರಿಂದ ದೊರೆತಿದೆ ಎಂದು ಮೊದಲು ಹೇಳಿ, ಅದಾದ ಮೇಲೆ 5 ಮತ್ತು 6ನೆಯ ವಚನಗಳಲ್ಲಿ ಪೂರ್ಣಾಸಕ್ತಿಯಿಂದ ಜ್ಞಾನಕ್ಕೆ ದಮೆಯನ್ನೂ ದಮೆಗೆ ತಾಳ್ಮೆಯನ್ನೂ ಕೂಡಿಸಬೇಕೆಂದು ಹೇಳಲಾಗಿದೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಕೊಲೊಸ್ಸೆ 2:21-23ರಲ್ಲಿ ಪೌಲನು ಎಚ್ಚರಿಸುವ ಸ್ಥಿತಿಗೆ ಬಂದು ನಿಲ್ಲುತ್ತೇವೆ. ಹಿಡಿಯಬೇಡ, ರುಚಿನೋಡಬೇಡ, ಮುಟ್ಟಬೇಡ ಎಂಬ ವಿಧಿಗಳು ಮೇಲುನೋಟಕ್ಕೆ ಜ್ಞಾನವೆನಿಸಿದರೂ ಶಾರೀರಿಕ ಇಚ್ಛೆಗಳನ್ನು ಅಡಗಿಸುವ ಶಕ್ತಿ ಅವುಗಳಿಗಿಲ್ಲವೆಂದು ಅವನು ನೇರವಾಗಿ ಹೇಳುತ್ತಾನೆ.

ಸಭೆಯ ಇತಿಹಾಸದಲ್ಲಿ ಇದನ್ನು ಆಳವಾಗಿ ಕಂಡುಕೊಂಡವನು ಸಂತ ಅಗಸ್ಟೀನ. ಬಹುಕಾಲ ತನ್ನ ಆಶೆಗಳೊಂದಿಗೆ ಹೋರಾಡಿ ಸೋತಿದ್ದ ಅವನು 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ರೋಮಾ 13:13-14ನ್ನು ಓದಿ ಕ್ರಿಸ್ತನ ಕಡೆಗೆ ತಿರುಗಿದನು. ದೇವರು ಏನನ್ನು ಆಜ್ಞಾಪಿಸುತ್ತಾನೋ ಅದನ್ನು ಪಾಲಿಸುವ ಬಲವನ್ನೂ ಅವನೇ ಕೊಡಲಿ, ಆಮೇಲೆ ತನ್ನ ಇಚ್ಛೆಯಂತೆ ಆಜ್ಞಾಪಿಸಲಿ ಎಂಬುದು ಮುಂದೆ ಅವನ ಪ್ರಾರ್ಥನೆಯ ಸಾರವಾಯಿತು. ಮನುಷ್ಯನ ಸ್ವಂತ ಸಂಕಲ್ಪಕ್ಕೆ ಹೆಚ್ಚು ಬೆಲೆಕೊಟ್ಟಿದ್ದ ಪೆಲಾಗಿಯಸನು ಈ ಪ್ರಾರ್ಥನೆಯನ್ನು ಕೇಳಿ ಸಹಿಸಲಾರದೆ ವಿರೋಧಿಸಿದನು. ದಮೆಯ ವಿಷಯದಲ್ಲಿ ನಾವು ಮತ್ತೆ ಮತ್ತೆ ಪೆಲಾಗಿಯಸನ ದಾರಿಗೆ ಜಾರುತ್ತೇವೆ ಎನ್ನುವುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ಅಭ್ಯಾಸ ಹೇಗಿರಬೇಕು? 1 ಕೊರಿಂಥ 9:24-27ರಲ್ಲಿ ಪೌಲನು ಓಟಗಾರರನ್ನು ತೋರಿಸುತ್ತಾನೆ. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದುದರಿಂದ ಅಲ್ಲಿನ ಓದುಗರಿಗೆ ಅದು ಕಣ್ಣಾರೆ ಕಂಡ ವಿಷಯ. ಗೆದ್ದವನಿಗೆ ಸಿಗುತ್ತಿದ್ದುದು ಬಾಡಿಹೋಗುವ ಎಲೆಗಳ ಕಿರೀಟ, ಅದಕ್ಕಾಗಿ ಅವನು ಎಲ್ಲದರಲ್ಲಿಯೂ ಮಿತವಾಗಿರುತ್ತಿದ್ದನು. ಪೌಲನ ಒತ್ತು ಗುರಿಯ ಮೇಲಿದೆ. ಯಾವುದಕ್ಕಾಗಿ ಬೇಡವೆನ್ನುತ್ತಿದ್ದೇವೆ ಎಂಬುದು ತಿಳಿಯದೆ ಬರಿದೇ ಬೇಡವೆನ್ನುತ್ತಾ ಹೋಗುವವನ ಮನಸ್ಸು ಒಣಗುತ್ತದೆ, ಇಲ್ಲವೇ ಸಿಡುಕುತ್ತದೆ.

ರೋಮಾ 13:14ರ ಉತ್ತರಾರ್ಧ ಇನ್ನೂ ಹತ್ತಿರಕ್ಕೆ ಬಂದು ಮಾತಾಡುತ್ತದೆ: ದೇಹದ ಆಶೆಗಳನ್ನು ಪೂರೈಸುವುದಕ್ಕೆ ಮುಂದಾಗಿಯೇ ಏರ್ಪಾಡು ಮಾಡಬೇಡಿರಿ. ರಾತ್ರಿ ದಿಂಬಿನ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಮಲಗುವುದೂ ಒಂದು ಏರ್ಪಾಡೇ, ಜಗಳವಾಡಿದವರಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೆಣೆಯುವುದೂ ಏರ್ಪಾಡೇ. ಸೋಲು ಬಹಳ ಸಲ ಶೋಧನೆಯ, ಅಂದರೆ ಪಾಪದ ಆಶೆ ಸೆಳೆಯುವ, ಗಳಿಗೆಗಿಂತ ಮೊದಲೇ ಸಿದ್ಧವಾಗಿರುತ್ತದೆ.

ನಾಲಿಗೆಯ ವಿಷಯಕ್ಕೆ ನಮ್ಮ ಕೂಟದ ಒಬ್ಬ ಅಕ್ಕನವರ ಉದಾಹರಣೆ ಸಾಕು. ಅವರು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಒಂದು ಸಂಜೆ ಗಿರಾಕಿಯೊಬ್ಬರು ಒಳಗೆ ಬರುತ್ತಲೇ, “ಹೋದ ಸಲಾನೂ ಹಿಂಗೇ ಕೆಡಿಸಿದ್ರಿ” ಎಂದು ನಾಲ್ಕು ಜನರ ಮುಂದೆ ದನಿಯೇರಿಸಿದರು. ಅಕ್ಕನವರು ತುಟಿಗಳ ನಡುವೆ ಹಿಡಿದಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು, ಟೇಪು ಹಿಡಿದು ತೋಳಿನ ಅಳತೆಯನ್ನು ಮತ್ತೊಮ್ಮೆ ನೋಡಿದರು, ಆಮೇಲೆ “ಅರ್ಧ ಇಂಚು ಬಿಚ್ಚಿ ಕೊಡ್ತೀನಿ, ಕೂತ್ಕೊಳ್ರಿ” ಎಂದಷ್ಟೇ ಹೇಳಿದರು. ನನ್ನ ಬಾಯಿಗೆ ಕಾವಲಿರಿಸು ಎಂಬ ಕೀರ್ತನೆ 141:3ರ ಪ್ರಾರ್ಥನೆಯನ್ನು ಅವರು ಪ್ರತಿದಿನ ಮಷಿನ್ ತುಳಿಯುವ ಮೊದಲು ಹೇಳಿಕೊಳ್ಳುತ್ತಾರೆ. ಆ ಪ್ರಾರ್ಥನೆಯಲ್ಲಿ ಕಾವಲುಗಾರನನ್ನು ಇರಿಸುವವನು ಕರ್ತನೇ ಎಂಬುದನ್ನು ಗಮನಿಸಿರಿ.

ಮನಸ್ಸನ್ನು ಹತೋಟಿಯಲ್ಲಿಡದವನು ಗೋಡೆ ಬಿದ್ದ ಪಟ್ಟಣಕ್ಕೆ ಸಮಾನನೆಂದು ಜ್ಞಾನೋಕ್ತಿ 25:28 ಹೇಳುತ್ತದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೊಡ್ಡ ಕಲ್ಲುಗೋಡೆಗಳಿದ್ದರೂ ಹೈದರಾಲಿಯ ಸೈನಿಕರು ಒಬ್ಬರು ತೂರುವಷ್ಟು ಸಣ್ಣ ಕಿಂಡಿಯನ್ನು ಹುಡುಕಿದರು, ಓಬವ್ವ ಒನಕೆ ಹಿಡಿದು ಅಲ್ಲಿಯೇ ನಿಂತಳು. ಆದರೂ 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಒಂದು ದಿನದ ಜಯ ಮುಂದಿನ ದಿನಕ್ಕೆ ಜಾಮೀನಾಗುವುದಿಲ್ಲ. ತನ್ನ ಬಂಧನದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವು ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದು ಹೇಳಿದ್ದು ಅಲ್ಲಿಯವರೆಗೆ ತನ್ನೊಂದಿಗೆ ನಿಂತಿದ್ದ ಶಿಷ್ಯರಿಗೇ.

ಉಪವಾಸದ ಬಗ್ಗೆ ಎರಡು ಮಾತು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳಲ್ಲಿ ಹಲವರು ಒಪ್ಪೊತ್ತು ಇರುತ್ತಾರೆ, ಕೆಲವರು ಸಂಜೆಯ ಮಿರ್ಚಿ ಮಂಡಕ್ಕಿಯನ್ನು ಬಿಟ್ಟು ಆ ಹಣವನ್ನು ಬಡವರಿಗೆ ತೆಗೆದಿಡುತ್ತಾರೆ. ಎರಡನೆಯದು ನನಗೆ ಹೆಚ್ಚು ಮೆಚ್ಚುಗೆ, ಏಕೆಂದರೆ ಅಲ್ಲಿ ದಮೆಯು ಪ್ರೀತಿಯಾಗಿ ಇನ್ನೊಬ್ಬರನ್ನು ಮುಟ್ಟುತ್ತದೆ. ಮತ್ತಾಯ 6:16-18ರಂತೆ ಇದು ಜನರಿಗೆ ಕಾಣುವ ಹಾಗಿರಬಾರದು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಗುಳಿಗೆ ತೆಗೆದುಕೊಳ್ಳುವ ಹಿರಿಯರು ಊಟ ಬಿಡದೆ ಬೇರೆ ಏನನ್ನಾದರೂ ಬಿಡಲಿ.

ಕೊನೆಯದಾಗಿ ರೋಮನ್ ಅಧಿಪತಿಯಾಗಿದ್ದ ಫೇಲಿಕ್ಸನನ್ನು ಮರೆಯಬಾರದು. ಅಪೊಸ್ತಲರ ಕೃತ್ಯಗಳು 24:25ರ ಪ್ರಕಾರ ಕೈಸರೈಯದಲ್ಲಿ ಸೆರೆಯಲ್ಲಿದ್ದ ಪೌಲನು ನೀತಿ, ದಮೆ ಮತ್ತು ಮುಂದಣ ನ್ಯಾಯತೀರ್ಪಿನ ಕುರಿತು ಮಾತಾಡಿದಾಗ ಈ ಅಧಿಪತಿ ಭಯಪಟ್ಟನು, ಸಮಯ ಸಿಕ್ಕಾಗ ಕರೆಸುತ್ತೇನೆಂದು ಹೇಳಿ ಕಳುಹಿಸಿದನು. ಆಮೇಲೆ ಕರೆಸಿದ್ದೂ ಉಂಟು, ಆದರೆ ಪೌಲನಿಂದ ಹಣ ಸಿಕ್ಕೀತೆಂಬ ಆಶೆಯಿಂದ. ಎರಡು ವರ್ಷ ಹೀಗೆಯೇ ಕಳೆಯಿತು. ಕೇಳಿ ನಡುಗಿದ ಮೇಲೂ ಮುಂದೂಡಿದವನು ಅವನು. ಮುಂದಿನ ಕೂಟಕ್ಕೆ ಬರುವವರು ಆ ಅಧ್ಯಾಯವನ್ನೂ ತೀತ 2ನ್ನೂ ಓದಿ, ತಾವು ಬಹುದಿನದಿಂದ ಮುಂದೂಡುತ್ತಿರುವ ಒಂದೇ ಒಂದು ವಿಷಯವನ್ನು ಪ್ರಾರ್ಥನೆಗಾಗಿ ಬರೆದುಕೊಂಡು ಬರಲಿ. ಅದನ್ನು ಯಾರಿಗೂ ಓದಿ ಹೇಳಬೇಕಾಗಿಲ್ಲ.