ಓಲೆಗರಿಯ ಅಕ್ಷರ ಯಾಕೆ ಮಾಸುವುದಿಲ್ಲ?

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಓಲೆಗರಿಯ ಕಟ್ಟು ಇರುವುದುಂಟು. ನವರಾತ್ರಿಯಲ್ಲಿ ಅದನ್ನು ಕೆಳಗಿಳಿಸಿ, ಅರಿಶಿನ ಕುಂಕುಮ ಹಾಕಿ, ಪೂಜೆ ಮುಗಿಸಿ ಮತ್ತೆ ಮೇಲಿಡುತ್ತಾರೆ. ‘ಇಷ್ಟು ವರ್ಷವಾದರೂ ಅಕ್ಷರ ಮಾಸಿಲ್ಲ, ಅದು ಮಂತ್ರದ ಶಕ್ತಿ’ ಎಂದು ಮಕ್ಕಳಿಗೆ ಹೇಳುವವರೂ ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಒಂದು ಎಲೆ, ಒಂದು ಮೊನೆ, ಚೂರು ಮಸಿ, ಚೂರು ಎಣ್ಣೆ ಸೇರಿ ಮಾಡಿದ ಕೆಲಸ ಅದು. ಮಕ್ಕಳೇ, ಅದು ಹೇಗೆ ಅಂತ ನೋಡೋಣ.

ಕಾಗದದ ಮೇಲೆ ಪೆನ್ನು ಶಾಯಿ ಹಚ್ಚುತ್ತದೆ, ಕಾಗದ ಅದನ್ನು ಹೀರಿಕೊಳ್ಳುತ್ತದೆ. ತಾಳೆ ಎಲೆಯ ಮೈಮೇಲಾದರೆ ಮೇಣದ ತೆಳು ಪದರ ಇದೆ. ಮಳೆಹನಿ ಜಾರಿಹೋಗುವುದು ಅದರಿಂದಲೇ. ಶಾಯಿಯೂ ಸುಲಭಕ್ಕೆ ಹಿಡಿಯುವುದಿಲ್ಲ. ಹಾಗಾಗಿ ನಮ್ಮ ಕಡೆಯವರು ಕೊರೆದು ಬರೆದರು. ಮೊದಲು ಎಲೆಯನ್ನು ನೀರಲ್ಲಿ ಕುದಿಸಿ ಮೆದು ಮಾಡಿ, ನೆರಳಲ್ಲಿ ಒಣಗಿಸಿ, ತಿಕ್ಕಿ ನಯ ಮಾಡಿ, ಅಳತೆಗೆ ಕತ್ತರಿಸುತ್ತಿದ್ದರು. ಆಮೇಲೆ ಕಂಠ ಎನ್ನುವ ಕಬ್ಬಿಣದ ಮೊನೆಯಿಂದ ಗೀರುವುದು. ಗೀರು ಮೇಣವನ್ನು ಸೀಳುತ್ತದೆ, ಒಳಗಿನ ನಾರು ತೆರೆದುಕೊಳ್ಳುತ್ತದೆ. ಈಗ ಅಕ್ಷರವೇನೋ ಇದೆ, ಆದರೆ ಓದಲು ಬರುವುದಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಎಲೆಗೆ ಪೂರ್ತಿ ಬಳಿಯಬೇಕು. ಎಲೆಯೆಲ್ಲ ಕರ್ರಗಾಗುತ್ತದೆ. ಬಟ್ಟೆಯಿಂದ ಒರೆಸಿದರೆ ಮೇಣದ ಮೇಲಿನ ಮಸಿ ಬಂದುಬಿಡುತ್ತದೆ, ಗೀರಿನೊಳಗೆ ಇಳಿದದ್ದು ಬರುವುದಿಲ್ಲ. ಬರಿಗಾಲಲ್ಲಿ ತೋಟದ ಕೆಲಸ ಮಾಡುವವರ ಹಿಮ್ಮಡಿ ನೋಡಿದ್ದೀರಿ ಅಲ್ವಾ? ಎಷ್ಟು ತೊಳೆದರೂ ಒಡಕಿನೊಳಗಿನ ಕಪ್ಪು ಗೆರೆ ಹಾಗೇ ಉಳಿಯುತ್ತದೆ. ಇದೂ ಹಾಗೆಯೇ.

ಇನ್ನು ಮಸಿಯ ವಿಷಯ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಬೆಳಕು ಆ ಬಣ್ಣದ ಅಣುಗಳನ್ನು ಒಡೆಯುತ್ತದೆ. ಮಸಿ ಅಂದರೆ ಇಂಗಾಲ. ಅದು ಬೆಳಕಿಗೂ ಜಗ್ಗುವುದಿಲ್ಲ, ಗಾಳಿಗೂ ಜಗ್ಗುವುದಿಲ್ಲ, ನೀರಲ್ಲಿ ಕರಗುವುದೂ ಇಲ್ಲ. ಆದ್ದರಿಂದ ಅಕ್ಷರ ಮಾಸದೆ ಇರುವುದರಲ್ಲಿ ಪವಾಡ ಏನೂ ಇಲ್ಲ.

ಹಾಳಾಗುವುದು ಎಲೆ. ನಮ್ಮ ಆಷಾಢದ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಹುಳು ಕೊರೆಯುತ್ತದೆ. ಆಗಾಗ ಕಟ್ಟು ಬಿಚ್ಚಿ, ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿದರೆ ಗರಿ ಮೆದುವಾಗಿ ಉಳಿಯುತ್ತದೆ, ಆ ಘಾಟಿಗೆ ಹುಳು ಹತ್ತಿರ ಬರುವುದು ಕಡಿಮೆ. ಸುಮ್ನೆ ಕುಂಕುಮ ಹಾಕಿ ಕಟ್ಟಿಟ್ಟರೆ ಹುಳುವಿಗೇ ಅನುಕೂಲ. ಗರಿ ತೀರಾ ಹಾಳಾಗುವ ಮೊದಲು ಹೊಸ ಗರಿಗೆ ನಕಲು ಮಾಡುವುದು ಇನ್ನೊಂದು ದಾರಿ. ಭಟ್ಕಳದ ಹತ್ತಿರದ ಹಾಡುವಳ್ಳಿಯ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ದೊಡ್ಡ ವ್ಯಾಕರಣ ಬರೆದ. ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅದನ್ನು ಅಚ್ಚು ಹಾಕಿಸಿದ್ದು 1890ರಲ್ಲಿ. ಅಲ್ಲಿಯವರೆಗೆ ಅದನ್ನು ಉಳಿಸಿದ್ದು ನಕಲು ಮಾಡಿದವರ ಕೈ.

ಕೊರೆದದ್ದನ್ನು ಅಳಿಸುವಂತಿಲ್ಲ. ಹಲಗೆ ಬಳಪ ಹಿಡಿಯದೆ, ಹಾಕಿದ ಪದವನ್ನು ಅಳಿಸದೆ ಬರೆದೆ ಎಂದು ಕುಮಾರವ್ಯಾಸ ಹೆಮ್ಮೆಯಿಂದ ಹೇಳಿಕೊಂಡದ್ದು ಎಷ್ಟು ದೊಡ್ಡ ಮಾತು ಅಂತ ಈಗ ಗೊತ್ತಾಯಿತಲ್ಲ! ಅಳಿಸಿ ಬರೆಯಬೇಕಾದವರಿಗೆ ಕಡತ ಇತ್ತು. ಹತ್ತಿಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಮಾಡಿದ ಕಪ್ಪು ಹಾಳೆ ಅದು. ಮಡಚಿ ಇಡಬಹುದು. ವ್ಯಾಪಾರಿಗಳು ಅದರಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು.

ಕನ್ನಡದ ಅಕ್ಷರ ಗುಂಡಗಾದದ್ದು ಓಲೆಗರಿಯಿಂದಲೇ ಎಂಬ ಮಾತು ಜಾಸ್ತಿ ಓಡಾಡುತ್ತದೆ. ಎಲೆಯ ನರಗಳು ಉದ್ದಕ್ಕೆ ಓಡುತ್ತವೆ, ಅದೇ ದಿಕ್ಕಿಗೆ ನೇರ ಗೆರೆ ಗೀರಿದರೆ ಎಲೆ ಸೀಳಬಹುದು. ಇಷ್ಟು ನಿಜ. ಆದರೆ ಕಲ್ಲಿನ ಶಾಸನಗಳಲ್ಲೂ ಅಕ್ಷರ ಕಾಲ ಕಳೆದಂತೆ ದುಂಡಗಾಗಿದೆ. ಅಲ್ಲಿ ಸೀಳಲು ಎಲೆ ಇಲ್ಲ. ಎಲೆ ಒಂದು ಕಾರಣ ಇರಬಹುದು, ಎಲ್ಲ ಕಾರಣ ಅದೇ ಎನ್ನಲಾಗದು.

ಬೇರೆ ನಾಡಿನವರು ಬೇರೆ ಗಿಡ ಹಿಡಿದರು. ಕಾಶ್ಮೀರದವರು ಭೂರ್ಜ ಮರದ ತೊಗಟೆ ಸುಲಿದರು. ಈಜಿಪ್ಟಿನವರ ಪಪೈರಸ್ ನಮ್ಮ ಗದ್ದೆಯ ಜೇಕಿನ ಕುಲದ್ದೇ. ಅದರ ದಂಟಿನ ತಿರುಳನ್ನು ಪಟ್ಟಿಯಾಗಿ ಸೀಳಿ, ಅಡ್ಡಕ್ಕೊಂದು ಉದ್ದಕ್ಕೊಂದು ಪದರ ಇಟ್ಟು ಒತ್ತಿದರೆ ಹಾಳೆ. ಹಾಳೆಯಷ್ಟೇ ಅಲ್ಲ, ಶಾಯಿಯೂ ಗಿಡದಿಂದ ಆಗುತ್ತದೆ. ನಮ್ಮ ಕಾಡಿನ ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಸೇರಿದರೆ ಕಪ್ಪು ಶಾಯಿ. ಅಳಲೆಕಾಯಿ ನೆನೆಸಿದ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟು ನೀವೇ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಮರದ ಮಾತು ಬಿಡುವ ಹಾಗಿಲ್ಲ. ಹಸ್ತಪ್ರತಿಗೆ ಒಳ್ಳೆಯ ಗರಿ ಶ್ರೀತಾಳೆಯದು. ಮೂಡುಬಿದಿರೆಯಲ್ಲಿರುವ 12ನೇ ಶತಮಾನದ ಜೈನ ಗ್ರಂಥಗಳು ಈ ಗರಿಯವೇ. ಉತ್ತರ ಕನ್ನಡದಿಂದ ಕೇರಳದವರೆಗೆ ಈ ಮರ ಇದೆ. ಒಂದೊಂದು ಎಲೆ 5 ಮೀಟರ್ ಅಗಲದವರೆಗೆ ಹರಡುತ್ತದೆ. ಅದು ಹೂ ಬಿಡುವುದು ಜೀವಮಾನದಲ್ಲಿ ಒಂದೇ ಸಲ, 30ರಿಂದ 80 ವರ್ಷದ ನಡುವೆ. ನೆತ್ತಿಯ ಮೇಲೆ 6ರಿಂದ 8 ಮೀಟರ್ ಎತ್ತರದ ಹೂಗೊಂಚಲು, ಅದರಲ್ಲಿ ಲಕ್ಷಗಟ್ಟಲೆ ಹೂ. ಹಾಗೆ ಹೂ ಬಿಟ್ಟರೆ ಊರಿಗೆ ಕೇಡು ಎಂಬ ನಂಬಿಕೆ ಕರಾವಳಿಯಲ್ಲಿದೆ. ಹೆದರಿ ಮರವನ್ನೇ ಕಡಿಯುತ್ತಾರೆ. ಅದು ಬೀಜ ಕೊಡುವ ಒಂದೇ ಅವಕಾಶ ಅಲ್ಲಿಗೆ ಮುಗಿಯಿತು! ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೂಡಿಟ್ಟ ಆಹಾರವನ್ನೆಲ್ಲ ಹೂವಿಗೆ, ಕಾಯಿಗೆ ಸುರಿದು ಮರ ತಾನಾಗಿಯೇ ಒಣಗುತ್ತದೆ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಬೀಜ ಉದುರಿದ ಮೇಲೆ ಬೇಕಾದರೆ ಕಡಿಯಿರಿ, ಅದಕ್ಕೂ ಮೊದಲು ಕೊಡಲಿ ಹಾಕಬೇಡಿ.