ಸ್ಕೆಚ್‌ಅಪ್‌ನಲ್ಲಿ ಗೇಮ್ ಮಾಡಬಹುದಾ? ಉತ್ತರ ನಾಲ್ಕು ಯಾಕೆ?

ಕಟ್ಟಡದ ಮಾಡೆಲ್ ಮಾಡುವ ಸ್ಕೆಚ್‌ಅಪ್‌ನಲ್ಲಿ ಗೇಮ್ ಮಾಡಬಹುದಾ ಅಂತ ಕೇಳಿ ನೋಡಿ, ನಾಲ್ಕು ಥರದ ಉತ್ತರ ಸಿಗುತ್ತದೆ. ಧಾರಾಳವಾಗಿ ಮಾಡಬಹುದು ಅನ್ನುತ್ತಾರೆ ಒಬ್ಬರು. ಅದಕ್ಕೊಂದು ಪ್ಲಗಿನ್ (ಆಮೇಲೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಇತ್ತು, ಈಗ ಓಡಲ್ಲ ಅನ್ನುತ್ತಾರೆ ಇನ್ನೊಬ್ಬರು. ಅದರಲ್ಲಿ ಸ್ಕ್ರಿಪ್ಟ್ ಬರೆಯುವ ಜಾಗವೇ ಇಲ್ಲವಲ್ಲ ಅಂತ ಮೂರನೆಯವರು ತಲೆ ಕೆರೆದುಕೊಳ್ಳುತ್ತಾರೆ. ಸುಮ್ನೆ ಗೇಮ್ ಮಾಡಲೆಂದೇ ಇರುವ ಯೂನಿಟಿ ಕಲಿತುಕೊಳ್ಳಿ ಅನ್ನುವುದು ನಾಲ್ಕನೆಯವರ ಸಲಹೆ. ನಾಲ್ಕೂ ಸರಿಯೇ. ಒಂದೊಂದೂ ಒಂದೊಂದು ಕಾಲದ ಉತ್ತರ, ಅಷ್ಟೇ.

ವಿನ್ಯಾಸದ ಸಾಫ್ಟ್‌ವೇರ್ ಒಳಗೆ ಕೋಡ್ ಬರೆಯುವುದು ಹೊಸದೇನಲ್ಲ. ಆಟೋಕ್ಯಾಡ್‌ಗೆ 1986ರಲ್ಲೇ ಆಟೋಲಿಸ್ಪ್ ಎಂಬ ಕೋಡ್ ಭಾಷೆ ಬಂದಿತ್ತು. ಸ್ಕೆಚ್‌ಅಪ್ ಬಂದದ್ದು 2000ದಲ್ಲಿ, ಅಮೆರಿಕದ ಕೊಲೊರಾಡೊದಲ್ಲಿರುವ ಬೋಲ್ಡರ್ ಎಂಬ ಊರಿನ ಅಟ್ ಲಾಸ್ಟ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿಯಿಂದ. ಒಂದು ಚೌಕ ಬಿಡಿಸಿ ಮೌಸ್‌ನಿಂದ ಮೇಲೆಳೆದರೆ ಅದೇ ಪೆಟ್ಟಿಗೆಯಾಗುತ್ತಿತ್ತು. 2004ರಲ್ಲಿ ನಾಲ್ಕನೇ ಆವೃತ್ತಿಯ ಜೊತೆ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಒಳಗೆ ಬಂತು. ಮೆಟ್ಟಿಲು, ಕಿಟಕಿ, ತೊಲೆಗಳಂಥ ಮಾಡಿದ್ದನ್ನೇ ಮಾಡುವ ಕೆಲಸ ಹಗುರಾಗಲಿ ಅನ್ನುವುದು ಅದರ ಉದ್ದೇಶ. ಗೇಮ್ ಯಾರ ತಲೆಯಲ್ಲೂ ಇದ್ದಂತಿಲ್ಲ.

2006ರ ಮಾರ್ಚ್‌ನಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡುಕೊಂಡಿತು. ಗೂಗಲ್ ಅರ್ತ್‌ನಲ್ಲಿ ನಿಲ್ಲಿಸಲು ಕಟ್ಟಡಗಳು ಬೇಕಿದ್ದವು, ಅವನ್ನು ಜನರೇ ಮಾಡಿಕೊಡಲಿ ಅನ್ನುವ ಲೆಕ್ಕ. ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ಬಿಟ್ಟಿತು. ಆ ಉಚಿತ ಆವೃತ್ತಿಯಲ್ಲೂ ರೂಬಿ ಇತ್ತು. ಮುಂದಿನ ಎಲ್ಲದಕ್ಕೂ ಇದೇ ಕಾರಣ ಅಂತ ನನಗನಿಸುತ್ತದೆ. ಕಾಸು ಕೊಡದೆ ಇಳಿಸಿಕೊಂಡ ಹೈಸ್ಕೂಲ್ ಹುಡುಗನಿಗೂ ರೂಬಿ ಕನ್ಸೋಲ್ ಎಂಬ ಪುಟ್ಟ ಕಿಟಕಿ ತೆರೆದು ಕೋಡ್ ಬರೆಯುವ ಅವಕಾಶ ಸಿಕ್ಕಿತು.

ಗೇಮ್‌ಗೆ ಏನೇನು ಬೇಕು ಹೇಳಿ? ಕೀಲಿ ಒತ್ತಿದ್ದು ಗೊತ್ತಾಗಬೇಕು, ವಸ್ತು ಚಲಿಸಬೇಕು, ಡಿಕ್ಕಿ ತಿಳಿಯಬೇಕು. ಮೂರಕ್ಕೂ ರೂಬಿಯಲ್ಲಿ ದಾರಿ ಇತ್ತು. ನಿಮ್ಮದೇ ಒಂದು ಟೂಲ್ ಬರೆದು ಅದರಲ್ಲಿ ಆನ್‌ಕೀಡೌನ್ ಎಂಬ ಮೆಥಡ್ (ಹೆಸರಿಟ್ಟು ಕರೆಯುವ ಕೋಡ್ ತುಣುಕು) ಇಟ್ಟರೆ ಒತ್ತಿದ ಪ್ರತಿ ಕೀಲಿಯೂ ಅಲ್ಲಿಗೆ ಬರುತ್ತದೆ. ಆ ಮೆಥಡ್ ಕೊನೆಗೆ ಟ್ರೂ (ಹೌದು) ಅಂತ ಹಿಂದಿರುಗಿಸಬೇಕು. ಮರೆತರೆ ಸ್ಕೆಚ್‌ಅಪ್ ಅದನ್ನು ತನ್ನ ಶಾರ್ಟ್‌ಕಟ್ ಅಂದುಕೊಳ್ಳುತ್ತದೆ. ಆಟಗಾರ ಎಲ್ ಒತ್ತಿದರೆ ಹೀರೊ ಓಡುವ ಬದಲು ಕೈಗೆ ಗೆರೆ ಎಳೆಯುವ ಪೆನ್ಸಿಲ್ ಬರುತ್ತದೆ! ಚಲನೆಗೆ ನೆಕ್ಸ್ಟ್‌ಫ್ರೇಮ್ ಎಂಬ ಮೆಥಡ್. ಅದು ಟ್ರೂ ಕೊಡುತ್ತಾ ಇರುವಷ್ಟು ಹೊತ್ತು ಸ್ಕೆಚ್‌ಅಪ್ ಅದನ್ನೇ ಮತ್ತೆ ಮತ್ತೆ ಕರೆಯುತ್ತದೆ. ಗೇಮನ್ನು ಕ್ಷಣಕ್ಷಣವೂ ಮುಂದೆ ನಡೆಸುವ ಗೇಮ್ ಲೂಪ್ ಅಂದರೆ ಅದೇ ಅಲ್ವಾ? ಡಿಕ್ಕಿಗೆ ರೇಟೆಸ್ಟ್. ಒಂದು ಬಿಂದುವಿನಿಂದ ಒಂದು ದಿಕ್ಕಿಗೆ ಗೆರೆ ಬಿಟ್ಟರೆ ಮೊದಲು ಎಲ್ಲಿ ತಾಗಿತು ಅಂತ ಹೇಳುತ್ತದೆ. ಕೆಳಕ್ಕೆ ಬಿಟ್ಟರೆ ನೆಲ ಎಷ್ಟು ಕೆಳಗಿದೆ ಅಂತ ತಿಳಿಯುತ್ತದೆ, ಮುಂದಕ್ಕೆ ಬಿಟ್ಟರೆ ಗೋಡೆ ಎಷ್ಟು ದೂರ ಅಂತ.

ತೊಡಕುಗಳೂ ಮಜವಾಗಿದ್ದವು. ಸ್ಕೆಚ್‌ಅಪ್‌ನಲ್ಲಿ ಒಂದಕ್ಕೊಂದು ತಾಗಿದ ಮೇಲ್ಮೈಗಳು ಅಂಟಿಕೊಳ್ಳುತ್ತವೆ. ಹಾಗಾಗಿ ಪ್ರತಿ ವಸ್ತುವನ್ನೂ ಗ್ರೂಪ್ ಮಾಡಿ ಬೇರೆಯಾಗಿ ಇಡಲೇಬೇಕು, ಇಲ್ಲದಿದ್ದರೆ ಪೆಟ್ಟಿಗೆಯನ್ನು ಸರಿಸಲು ಹೋದಾಗ ಅದರ ಹಿಂದೆ ನೆಲವೂ ಎಳೆದುಕೊಂಡು ಬರುತ್ತದೆ. ಟ್ರಾನ್ಸ್‌ಫಾರ್ಮ್ ಎಂಬ ಮೆಥಡ್ ಬಳಸಿ ಸರಿಸಿದರೆ ಪ್ರತಿ ಹೆಜ್ಜೆಯೂ ಅಂಡೂ ಪಟ್ಟಿಗೆ ಸೇರುತ್ತದೆ. ಸ್ವಲ್ಪ ಹೊತ್ತು ಆಟ ಆಡಿ ಮುಗಿಸಿದ ಮೇಲೆ ಕಂಟ್ರೋಲ್ ಝೆಡ್ ಒತ್ತಿ ಒತ್ತಿ ಸುಸ್ತಾಗಬೇಕು. ಇದಕ್ಕೆ ಮದ್ದು ಮೂವ್ ಎಂಬ ಇನ್ನೊಂದು ಮೆಥಡ್, ಅದು ಅಂಡೂಗೆ ಲೆಕ್ಕ ಕೊಡುವುದಿಲ್ಲ. ಅಳತೆಯ ಕತೆ ಬೇರೆ. ಪರದೆಯ ಮೇಲೆ ಮೀಟರ್ ಇದ್ದರೂ ಒಳಗೆ ಎಲ್ಲವೂ ಇಂಚು. 3 ಮೀಟರ್ ಜಿಗಿಯಲಿ ಅಂತ ಬರೀ 3 ಎಂದು ಬರೆದವನ ಹೀರೊ 3 ಇಂಚು ಮಿಸುಕಾಡಿ ನಿಲ್ಲುತ್ತಾನೆ.

ಇಷ್ಟೆಲ್ಲ ಬರೆಯುವ ತಾಳ್ಮೆ ಇಲ್ಲದವರಿಗೆ ಬಂದದ್ದು ಸ್ಕೆಚಿಫಿಸಿಕ್ಸ್ ಎಂಬ ಉಚಿತ ಪ್ಲಗಿನ್. ವಸ್ತುಗಳು ಬೀಳುವುದು, ಡಿಕ್ಕಿಯಾಗುವುದನ್ನು ಲೆಕ್ಕ ಹಾಕುವ ನ್ಯೂಟನ್ ಎಂಬ ಫಿಸಿಕ್ಸ್ ಎಂಜಿನ್ ಅನ್ನು ಒಬ್ಬ ಹವ್ಯಾಸಿ ಸ್ಕೆಚ್‌ಅಪ್‌ಗೆ ಜೋಡಿಸಿದ್ದರು. ಪ್ಲೇ ಒತ್ತಿದರೆ ಪೆಟ್ಟಿಗೆಗಳು ಬೀಳುತ್ತವೆ, ನಿಲ್ಲಿಸಿದರೆ ಮೊದಲಿದ್ದ ಜಾಗಕ್ಕೆ ವಾಪಸ್. ಕೀಲು, ಮೋಟಾರು, ಸ್ಪ್ರಿಂಗು, ಪಿಸ್ಟನ್ ಎಲ್ಲ ಇತ್ತು. ನಾಲ್ಕು ಸಿಲಿಂಡರ್‌ಗೆ ಕೀಲು ಹಾಕಿ ಮೋಟಾರನ್ನು ಕೀಬೋರ್ಡ್‌ಗೋ ಜಾಯ್‌ಸ್ಟಿಕ್‌ಗೋ ಕೊಟ್ಟರೆ ಕಾರು ತಯಾರು. ಜನ ಪಿನ್‌ಬಾಲ್, ಟ್ಯಾಂಕು, ಕ್ರೇನು ಏನೇನೋ ಮಾಡಿ ಮಾಡೆಲ್ ಹಂಚಿಕೊಳ್ಳುವ ಗೂಗಲ್‌ನ ತ್ರೀಡಿ ವೇರ್‌ಹೌಸ್ ತಾಣಕ್ಕೆ ಏರಿಸಿದರು. ಅವುಗಳನ್ನು ಗೇಮ್ ಅನ್ನಬೇಕೋ ಆಟಿಕೆ ಅನ್ನಬೇಕೋ ಅನ್ನುವ ವಾದ ಬೇರೆ. ಗೋಡೆ ಎಳೆದ ಕೈಯಲ್ಲೇ, ಅದೇ ಕಿಟಕಿಯಲ್ಲೇ ಗೇಮ್ ಆಡಿ ನೋಡುವ ಸುಖ ದೊಡ್ಡ ಎಂಜಿನ್‌ಗಳಲ್ಲಿ ನನಗೆ ಸಿಕ್ಕಿಲ್ಲ.

ಆಮೇಲೆ ನಡೆದದ್ದೆಲ್ಲ ಬೇಗ ಬೇಗ. 2009ರಲ್ಲಿ ಯೂನಿಟಿಯೂ ಉಚಿತವಾಯಿತು, ಗೇಮ್ ಮಾಡಬೇಕೆಂದಿದ್ದವರು ಅತ್ತ ಹೊರಟರು. 2012ರಲ್ಲಿ ಸ್ಕೆಚ್‌ಅಪ್ ಗೂಗಲ್‌ನಿಂದ ಟ್ರಿಂಬಲ್ ಎಂಬ ಕಂಪನಿಯ ಕೈಗೆ ಬಂತು. 2014ರ ಆವೃತ್ತಿಯಲ್ಲಿ ರೂಬಿ 1.8ರಿಂದ 2.0ಕ್ಕೆ ಜಿಗಿಯಿತು, ಮರುವರ್ಷ 64 ಬಿಟ್ ಬಂತು. ಎರಡೂ ಬೇಕಾಗಿದ್ದ ಬದಲಾವಣೆಗಳೇ. ಆದರೆ ಹಳೇ ರೂಬಿಗೆ, 32 ಬಿಟ್‌ಗೆ ಅಂತ ಕಟ್ಟಿದ ಫಿಸಿಕ್ಸ್ ಫೈಲುಗಳು ಹಾಗೆಯೇ ಓಡುವಂತಿರಲಿಲ್ಲ. ಹವ್ಯಾಸಕ್ಕೆ ಬರೆದವರು ಪ್ರತಿ ವರ್ಷ ಕೂತು ರಿಪೇರಿ ಮಾಡುತ್ತಾರಾ? ಎಮ್‌ಎಸ್‌ಫಿಸಿಕ್ಸ್ ಎಂಬ ಹೊಸ ಪ್ಲಗಿನ್ ಅದೇ ನ್ಯೂಟನ್ ಎಂಜಿನ್ ಇಟ್ಟುಕೊಂಡು ಕೆಲವರನ್ನು ಉಳಿಸಿಕೊಂಡಿತು.

ದೊಡ್ಡ ತಿರುವು 2017ರದ್ದು. ಉಚಿತ ಡೆಸ್ಕ್‌ಟಾಪ್ ಆವೃತ್ತಿಯಾದ ಸ್ಕೆಚ್‌ಅಪ್ ಮೇಕ್ ಅಲ್ಲಿಗೆ ನಿಂತಿತು, ಅದರ ಜಾಗಕ್ಕೆ ಬ್ರೌಸರ್‌ನಲ್ಲಿ ಓಡುವ ಸ್ಕೆಚ್‌ಅಪ್ ಫ್ರೀ ಬಂತು. ಇಳಿಸಿಕೊಳ್ಳುವ ರಗಳೆ ಇಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಒಳ್ಳೆಯದೇ. ಅದರಲ್ಲಿ ರೂಬಿ ಮಾತ್ರ ಇಲ್ಲ. ಮನೆ ಬಿಡಿಸುವವರಿಗೆ ಈ ಕೊರತೆ ಕಾಣಲೇ ಇಲ್ಲ. ಕನ್ಸೋಲ್ ತೆರೆದು ಕೆದಕುತ್ತಿದ್ದವರಿಗೆ ಬಾಗಿಲೇ ಮುಚ್ಚಿತು. 2020ರ ಕೊನೆಗೆ ಒಮ್ಮೆ ಕಾಸು ಕೊಟ್ಟು ಸದಾ ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟವೂ ನಿಂತು, ಚಂದಾ ಒಂದೇ ಉಳಿಯಿತು. ಸುಮ್ನೆ ಆಡಿ ನೋಡೋಣ ಅನ್ನುವವರು ವರ್ಷ ವರ್ಷ ಚಂದಾ ಕಟ್ಟುವುದು ಅನುಮಾನ.

ತ್ರೀಡಿ ಮಾಡೆಲ್ ಮಾಡುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಬ್ಲೆಂಡರ್‌ನ ಕತೆಯೂ ಜಾಸ್ತಿ ಬೇರೆಯಲ್ಲ. ಅದರೊಳಗಿದ್ದ ಗೇಮ್ ಎಂಜಿನ್ ಅನ್ನು 2019ರ 2.80 ಆವೃತ್ತಿಯಲ್ಲಿ ತೆಗೆದುಹಾಕಿದರು. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವ ಅವಕಾಶ ಮಾತ್ರ ಉಳಿದಿದೆ, ಅದೂ ಉಚಿತವಾಗಿ.

ಹಾಗಾಗಿ ಈಗ ಶುರು ಮಾಡುವವರು ಮೊದಲು ನೋಡಬೇಕಾದದ್ದು ತಮ್ಮ ಬಳಿ ಯಾವ ಸ್ಕೆಚ್‌ಅಪ್ ಇದೆ ಅಂತ. ಚಂದಾ ಕಟ್ಟಿದ ಡೆಸ್ಕ್‌ಟಾಪ್ ಆವೃತ್ತಿ ಇದ್ದರೆ, ಅಥವಾ ಹಳೇ ಮೇಕ್ 2017 ಇನ್ನೂ ಕಂಪ್ಯೂಟರ್‌ನಲ್ಲಿದ್ದರೆ, ರೂಬಿ ಕನ್ಸೋಲ್ ಅಲ್ಲೇ ಇದೆ. ನೆಕ್ಸ್ಟ್‌ಫ್ರೇಮ್, ರೇಟೆಸ್ಟ್ ಎರಡೂ ಕೆಲಸ ಮಾಡುತ್ತವೆ. ಬ್ರೌಸರ್ ಆವೃತ್ತಿಯೊಂದೇ ಇದ್ದರೆ ಅದರಲ್ಲಿ ಮಾಡೆಲ್ ಮಾಡಿಕೊಂಡು, ಗೇಮ್ ಕೆಲಸಕ್ಕೆ ಯೂನಿಟಿಯನ್ನೋ ಅಂಥದ್ದೇ ಗೋಡೋವನ್ನೋ ಹಿಡಿಯಬೇಕು.