ಕಡ್ಡಾಯ ವರದಿ: ಶಂಕೆ ಬಂದ ಮೇಲೆ ಸುಮ್ಮನಿರುವಂತಿಲ್ಲ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು, ನಡೆದೀತು ಎಂಬ ಆತಂಕ ಇರುವವರು, ಆ ವಿಷಯವನ್ನು ಪೊಲೀಸರಿಗೆ ಮುಟ್ಟಿಸಲೇಬೇಕು. ಈ ಕಾನೂನುಬದ್ಧ ಹೊಣೆಗೆ ‘ಕಡ್ಡಾಯ ವರದಿ’ ಎನ್ನುತ್ತಾರೆ. ಭಾರತದಲ್ಲಿ ಇದರ ನೆಲೆ 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಸೆಕ್ಷನ್. 18 ವರ್ಷ ತುಂಬದ ಹುಡುಗ, ಹುಡುಗಿ ಇಬ್ಬರೂ ಇಲ್ಲಿ ಮಗುವೇ.

ಅಮೆರಿಕದಲ್ಲಿ 1962ರಲ್ಲಿ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಮನೆಯಲ್ಲೇ ಹೊಡೆತ ತಿಂದು ಆಸ್ಪತ್ರೆ ಸೇರುತ್ತಿದ್ದ ಮಕ್ಕಳ ಬಗ್ಗೆ ಬರೆದ ಮೇಲೆ, ಕೆಲವೇ ವರ್ಷಗಳಲ್ಲಿ ಅಲ್ಲಿನ ರಾಜ್ಯಗಳೆಲ್ಲ ವರದಿಯ ಕಾನೂನು ಮಾಡಿದವು. ಅಲ್ಲಿ ಮೊದಲು ಈ ಹೊಣೆ ಹೊತ್ತವರು ಮುಖ್ಯವಾಗಿ ವೈದ್ಯರು. ನಮ್ಮ ಕಾಯ್ದೆ ಯಾರನ್ನೂ ಹೊರಗೆ ಬಿಟ್ಟಿಲ್ಲ. ನೆರೆಮನೆಯವರು, ಬಂಧುಗಳು, ಶಾಲಾ ವಾಹನದ ಚಾಲಕರು, ಎಲ್ಲರೂ ಹೊಣೆಗಾರರು. ಆದರೂ ಭಾರ ಹೆಚ್ಚು ಬೀಳುವುದು ಮಕ್ಕಳೊಡನೆ ದಿನವೂ ಒಡನಾಡುವ ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು, ವೈದ್ಯರು, ಆಪ್ತ ಸಮಾಲೋಚಕರ ಮೇಲೆ. ಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಂಡ ಚಿತ್ರ, ವಿಡಿಯೊ ಕಣ್ಣಿಗೆ ಬಿದ್ದರೆ ತಿಳಿಸಬೇಕೆಂದು 20ನೇ ಸೆಕ್ಷನ್ ಮಾಧ್ಯಮ, ಹೋಟೆಲ್, ಲಾಡ್ಜ್, ಆಸ್ಪತ್ರೆ, ಕ್ಲಬ್, ಸ್ಟುಡಿಯೊಗಳಿಗೆ ಪ್ರತ್ಯೇಕವಾಗಿ ಹೇಳಿದೆ.

ಹೆಚ್ಚಿನವರು ಎಡವುವ ಜಾಗ ಒಂದಿದೆ. ಶಾಲೆಯಲ್ಲಿ ಮಗು ಬಾಯಿಬಿಟ್ಟು ಹೇಳಿದ ಕೂಡಲೇ ಆಡಳಿತ ಮಂಡಳಿ ಸಭೆ ಸೇರುತ್ತದೆ. ಮಗುವನ್ನು ಮೂರು ನಾಲ್ಕು ಜನ ಸರದಿಯಂತೆ ಪ್ರಶ್ನಿಸುತ್ತಾರೆ, ಆರೋಪ ಹೊತ್ತವರನ್ನೂ ಕರೆಸಿ ‘ನಿಜವೇ?’ ಎಂದು ಕೇಳುತ್ತಾರೆ, ಪೋಷಕರಿಗೆ ಮರ್ಯಾದೆಯ ಮಾತು ಹೇಳುತ್ತಾರೆ. ‘ಖಚಿತವಾಗಲಿ, ಆಮೇಲೆ ನೋಡೋಣ’ ಎಂಬ ಈ ಎಚ್ಚರಿಕೆ ಹೊರನೋಟಕ್ಕೆ ವಿವೇಕದಂತೆ ಕಂಡರೂ ಮಗುವಿಗೆ ಬಗೆಯುವ ಎರಡನೆಯ ಅನ್ಯಾಯ ಎಂದೇ ನನ್ನ ನಂಬಿಕೆ. ಸಾಕ್ಷ್ಯ ಅಳಿಸಿಹೋಗುವುದು, ಮಗುವಿನ ಬಾಯಿ ಮುಚ್ಚುವುದು ಈ ಅವಧಿಯಲ್ಲೇ. ಕಾಯ್ದೆ ಪುರಾವೆ ತನ್ನಿ ಎನ್ನುವುದಿಲ್ಲ. ತಿಳಿದದ್ದನ್ನು, ಶಂಕೆಯನ್ನು ಇದ್ದ ಹಾಗೆ ತಿಳಿಸಿದರೆ ಸಾಕು. ಸತ್ಯಾಸತ್ಯತೆಯ ತನಿಖೆ ಪೊಲೀಸರದು, ತೀರ್ಪು ನ್ಯಾಯಾಲಯದ್ದು. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟುಕೊಂಡು, ಮತ್ತೆ ಮತ್ತೆ ಕೆದಕದೆ ಇರುವುದು ಶಿಕ್ಷಕರು ಮಾಡಬಹುದಾದ ದೊಡ್ಡ ಉಪಕಾರ.

ಸ್ಥಳೀಯ ಠಾಣೆಗೆ ಅಥವಾ ಜಿಲ್ಲೆಯ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಮಾಹಿತಿ ಕೊಡಬೇಕು. ತುರ್ತಿದ್ದರೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ನೆರವು ಪಡೆಯಬಹುದು. ಪೊಲೀಸರು ಬಂದ ಮಾಹಿತಿಗೊಂದು ಸಂಖ್ಯೆ ಕೊಟ್ಟು, ಬರೆದುಕೊಂಡು, ಮಾಹಿತಿ ತಂದವರಿಗೆ ಓದಿ ಹೇಳಬೇಕು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ತಲುಪಿಸಬೇಕು.

ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮಾಹಿತಿ ದಾಖಲಿಸಿಕೊಳ್ಳದ ಪೊಲೀಸರಿಗೂ ಇದೇ ಶಿಕ್ಷೆ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ವಿಷಯ ತಿಳಿಸದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲ ಎಂದು ಕಾಯ್ದೆಯೇ ಅಭಯ ಕೊಟ್ಟಿದೆ. ಈ ಅಭಯ ಎಷ್ಟೋ ಶಿಕ್ಷಕರ ಕಿವಿಗೆ ಬಿದ್ದೇ ಇಲ್ಲ, ಬೆದರಿಕೆ ಮಾತ್ರ ಬಿದ್ದಿದೆ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಾಸ್ಟೆಲ್ ಒಂದರ ಆದಿವಾಸಿ ಬಾಲಕಿಯರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು ದೌರ್ಜನ್ಯದ ಸುಳಿವಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪವಿತ್ತು. ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧ, ಬಹುತೇಕ ಅದು ತಪ್ಪಿತಸ್ಥರನ್ನು ರಕ್ಷಿಸುವ ಯತ್ನವೇ ಆಗಿರುತ್ತದೆ ಎಂದಿತು.

ವೃದ್ಧರು ಮತ್ತು ಅಂಗವಿಕಲರ ವಿಷಯದಲ್ಲಿ ನಮ್ಮ ಕಾನೂನು ಇಷ್ಟು ಬಿಗಿಯಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ದೌರ್ಜನ್ಯದ ಮಾಹಿತಿಯನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು. ಕೊಡದೆ ಸುಮ್ಮನಿದ್ದರೆ ಆ ಕಾಯ್ದೆ ಶಿಕ್ಷಿಸುವುದಿಲ್ಲ. ಹಾಸಿಗೆ ಹಿಡಿದ, ಬೇರೆಯವರ ಕೈಯಿಂದ ಉಣ್ಣಬೇಕಾದ ಹಿರಿಯರಿಗೆ ಇದು ಸಾಲದು.

ಪೋಕ್ಸೊ ನಿಯಮ ಕಠಿಣವಾಗಿ ತಾಗುವ ಇನ್ನೊಂದು ಕಡೆಯೂ ಇದೆ. ಹದಿನೇಳರ ಹುಡುಗಿ ತಾನೇ ಒಪ್ಪಿದ ಸಂಬಂಧದಿಂದ ಗರ್ಭಿಣಿಯಾದರೂ ಕಾನೂನಿನ ಕಣ್ಣಲ್ಲಿ ಅಪರಾಧ ನಡೆದಿದೆ, ವೈದ್ಯರು ವರದಿ ಮಾಡಲೇಬೇಕು. ಪೊಲೀಸರ ಹೆಸರು ಕೇಳಿದೊಡನೆ ಹುಡುಗಿ ಆಸ್ಪತ್ರೆ ಬಿಟ್ಟು ನಾಟಿ ಗರ್ಭಪಾತದ ದಾರಿ ಹಿಡಿಯುವ ಅಪಾಯವಿದೆ. ಈ ಕಷ್ಟವನ್ನು ಅರಿತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ, ಬಾಲಕಿ ಮತ್ತು ಪೋಷಕರು ಕೋರಿದರೆ ಗರ್ಭಪಾತ ಮಾಡುವ ವೈದ್ಯರು ವರದಿಯಲ್ಲಿ ಆಕೆಯ ಹೆಸರು, ವಿವರ ಬಹಿರಂಗಪಡಿಸಬೇಕಿಲ್ಲ ಎಂದು ಹೇಳಿತು. ವರದಿಯ ಹೊಣೆ ಹಾಗೇ ಉಳಿಯಿತು, ಗುರುತಿಗಷ್ಟೇ ರಕ್ಷಣೆ ಸಿಕ್ಕಿತು. ಈ ವಿನಾಯಿತಿ ಗರ್ಭಪಾತಕ್ಕೆ ಬಂದವರಿಗೆ ನೀಡಿದ್ದು. ಬಾಲ್ಯವಿವಾಹವಾಗಿ ಹೆರಿಗೆಗೆ ಬರುವ ಹದಿನೇಳರ ಬಾಲಕಿಯ ಪ್ರಕರಣದಲ್ಲಿ ವೈದ್ಯರು ಪೂರ್ಣ ವರದಿಯನ್ನೇ ಕೊಡಬೇಕಾಗುತ್ತದೆ.